ಮರದ ಹಲಗೆಯ ಇಳಿಜಾರು

2001ರ ಜನವರಿಯಲ್ಲಿ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಮುಂಬಯಿಯ ಸಮ್ಮೇಳನವೊಂದನ್ನು ಮುಗಿಸಿ ದೆಹಲಿಗೆ ಬಂದರು. ನಗರದ ಹಳೆಯ ಕಟ್ಟಡಗಳನ್ನು ನೋಡುವ ಆಸೆ ಅವರಿಗಿತ್ತು. ಕೆಂಪುಕೋಟೆ, ಕುತುಬ್ ಮಿನಾರ್, ಹುಮಾಯೂನನ ಗೋರಿ, ಜಂತರ್ ಮಂತರ್ ಈ ನಾಲ್ಕೆಡೆಗಳಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಅವರ ಗಾಲಿಕುರ್ಚಿಗಾಗಿ ಮರದ ಇಳಿಜಾರುಗಳನ್ನು ಹಾಕಿಸಿತು. ಅವು ತಾತ್ಕಾಲಿಕವಾದವು. ಆದರೆ ಶತಮಾನಗಳಿಂದ ಯಾರಿಗೂ ಹೊಳೆಯದಿದ್ದ ಸಂಗತಿಯೊಂದನ್ನು ಆ ಹಲಗೆಗಳು ತೋರಿಸಿಕೊಟ್ಟವು. ಮನಸ್ಸಿದ್ದರೆ ಅತಿಥಿ ಬರುವ ಮೊದಲೇ ದಾರಿ ಸಿದ್ಧವಾಗಬಲ್ಲದು.

ಆಗ ಈ ವಿಷಯದಲ್ಲಿ ಗಟ್ಟಿಯಾಗಿ ದನಿಯೆತ್ತಿದವರು ಜಾವೇದ್ ಅಬಿದಿ. ಅಲೀಗಢದಲ್ಲಿ ಹುಟ್ಟಿ, ಬೆನ್ನುಹುರಿಯ ಜನ್ಮಜಾತ ತೊಂದರೆಯಿಂದ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಇವರು ದೆಹಲಿಯನ್ನೇ ತಮ್ಮ ಹೋರಾಟದ ಕಣವಾಗಿಸಿಕೊಂಡಿದ್ದರು. 1995ರ ಡಿಸೆಂಬರಿನ ಚಳಿಯಲ್ಲಿ ಅವರೂ ಸಂಗಾತಿಗಳೂ ಬೀದಿಗಿಳಿದ ಕೆಲವೇ ದಿನಗಳಲ್ಲಿ ಸಂಸತ್ತು ಅಂಗವಿಕಲರ ಕಾಯಿದೆಯನ್ನು ಅಂಗೀಕರಿಸಿತು. 1996ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು. ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ಬೇಕೆಂದು ಅದರಲ್ಲಿ ಬರೆದಿತ್ತು, ನಿಜ. ಜೊತೆಗೆ, ಸರ್ಕಾರಗಳು ತಮ್ಮ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಮಾಡಿದರೆ ಸಾಕೆಂಬ ಮಾತೂ ಇತ್ತು. ಆ ಒಂದು ಉಪವಾಕ್ಯದ ನೆರಳಿನಲ್ಲಿ ಎಷ್ಟೋ ಕಚೇರಿಗಳು ಇಪ್ಪತ್ತು ವರ್ಷ ನೆಮ್ಮದಿಯಿಂದ ಕಾಲ ಕಳೆದವು ಎಂದು ನನ್ನ ಎಣಿಕೆ.

ಮರದ ಹಲಗೆ ಮತ್ತೊಮ್ಮೆ ಕಾಣಿಸಿಕೊಂಡದ್ದು 2004ರ ಲೋಕಸಭಾ ಚುನಾವಣೆಯಲ್ಲಿ. ಅಂಗವಿಕಲರು ಮತಗಟ್ಟೆಯ ಮೆಟ್ಟಿಲ ಬಳಿಯೇ ನಿಲ್ಲಬೇಕಾದ ಸ್ಥಿತಿಯನ್ನು ಅಬಿದಿಯವರ ಸಂಘಟನೆ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಿತು. ಮತಗಟ್ಟೆಗಳಲ್ಲಿ ಮರದ ಇಳಿಜಾರು ಹಾಕಬೇಕೆಂದು ನ್ಯಾಯಾಲಯ ಸೂಚಿಸಿತು. ವಿಶ್ವವಿಖ್ಯಾತನಿಗೆ ದೊರೆತದ್ದು ಮೂರು ವರ್ಷಗಳ ಬಳಿಕ ಸಾಮಾನ್ಯ ಮತದಾರನಿಗೂ ದೊರೆಯಿತು, ಅದೂ ಮತದಾನದ ಒಂದು ದಿನದ ಮಟ್ಟಿಗೆ.

ಈ ಎರಡು ಘಟನೆಗಳ ನಡುವೆ ದೆಹಲಿಯಲ್ಲಿ ಇನ್ನೊಂದು ಬಗೆಯ ಕೆಲಸ ನಡೆದಿತ್ತು. 2002ರ ಡಿಸೆಂಬರ್ 24ರಂದು ಶಾಹದರಾದಿಂದ ತೀಸ್ ಹಜಾರಿಯವರೆಗೆ ಮೆಟ್ರೋ ಓಡತೊಡಗಿದಾಗ ನಿಲ್ದಾಣಗಳಲ್ಲಿ ಇಳಿಜಾರು, ಲಿಫ್ಟು, ಕಾಣದವರಿಗಾಗಿ ಉಬ್ಬುಹಾಸಿನ ದಾರಿ ಇವೆಲ್ಲ ನಕ್ಷೆಯೊಳಗೇ ಸೇರಿಕೊಂಡಿದ್ದವು. ಕಟ್ಟಿದ ಮೇಲೆ ಅಂಟಿಸುವುದಕ್ಕೂ ಕಟ್ಟುವಾಗಲೇ ಬೆಸೆಯುವುದಕ್ಕೂ ಇರುವ ಅಂತರವನ್ನು ನೋಡಬೇಕಾದವರು ಯಾವುದಾದರೂ ಮೆಟ್ರೋ ನಿಲ್ದಾಣದಿಂದ ಹೊರಬಂದು ಎದುರಿನ ಮಾರುಕಟ್ಟೆಯ ಅಂಗಡಿಯೊಂದನ್ನು ಹತ್ತಲು ಯತ್ನಿಸಿದರೆ ಸಾಕು.

ಇಲ್ಲಿ ಸ್ವಲ್ಪ ಲೆಕ್ಕದ ಮಾತು ಬೇಕು. ಇಳಿಜಾರಿನ ಪ್ರಮಾಣ ಒಂದಕ್ಕೆ ಹನ್ನೆರಡು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮೊಥಿ ನ್ಯೂಜೆಂಟ್ ಮತ್ತು ಸಂಗಡಿಗರು ಗಾಲಿಕುರ್ಚಿಯ ವಿದ್ಯಾರ್ಥಿಗಳೊಡನೆ ನಡೆಸಿದ ಪ್ರಯೋಗಗಳ ಬೆನ್ನಿಗೆ 1961ರಲ್ಲಿ ಆ ದೇಶದ ಮೊದಲ ಮಾನಕ ಹೊರಬಂತು. ಈ ಅನುಪಾತ ಅದರಲ್ಲಿತ್ತು. ನಮ್ಮ ಕೇಂದ್ರ ಲೋಕೋಪಯೋಗಿ ಇಲಾಖೆಯ 1998ರ ಮಾರ್ಗಸೂಚಿಯೂ ಅದನ್ನೇ ಹಿಡಿಯಿತು. ಒಂದೇ ಓಟದಲ್ಲಿ 9 ಮೀಟರಿಗಿಂತ ಉದ್ದ ಇರಕೂಡದು, ನಡುವೆ ಸಮತಟ್ಟಾದ ತಂಗುದಾಣ ಬೇಕು, ಎರಡೂ ಬದಿಗೆ ಕೈಹಿಡಿ ಬೇಕು, ಆ ಕೈಹಿಡಿ ಇಳಿಜಾರು ಮುಗಿದ ಮೇಲೂ 300 ಮಿಲಿಮೀಟರ್ ಮುಂದುವರಿಯಬೇಕು. ಈ ಕೊನೆಯದು ಅಲಂಕಾರವಲ್ಲ. ಇಳಿಯುವವನ ಕೈಗೆ ಆಸರೆ ಹೆಚ್ಚು ಬೇಕಾಗುವುದು ಇಳಿಜಾರು ಮುಗಿದು ನೆಲ ಸಮವಾಗುವ ಆ ಕ್ಷಣದಲ್ಲೇ.

ದೆಹಲಿಯ ಸಾಮಾನ್ಯ ಅಂಗಡಿಯೊಂದರ ಮುಂದಿನ ಮೂರು ಮೆಟ್ಟಿಲುಗಳೆಂದರೆ ಹೆಚ್ಚುಕಡಿಮೆ 45 ಸೆಂಟಿಮೀಟರ್. ಅದಕ್ಕೆ 5.4 ಮೀಟರ್ ಇಳಿಜಾರು ಬೇಕು. ಅಂಗಡಿಯವನ ಬಳಿ ಅಷ್ಟು ಜಾಗವಿಲ್ಲ, ಪಾದಚಾರಿ ಮಾರ್ಗ ಅವನದಲ್ಲ. ಹಾಗಾಗಿ ಒಂದೂವರೆ ಮೀಟರಿನಲ್ಲಿ ಸಿಮೆಂಟು ಬಳಿದು, ಮೇಲೆ ನುಣುಪು ಗ್ರಾನೈಟು ಹಾಸಿ, ಇಳಿಜಾರಾಯಿತೆನ್ನುತ್ತಾನೆ. ಮೊದಲ ಮಳೆಗೆ ಅದು ಜಾರುಬಂಡೆ. ಸೋಜಿಗವೆಂದರೆ, ಈ ನಗರದ ಕಾಲೊನಿಗಳಲ್ಲಿ ಕಾರುಗಳಿಗಾಗಿ ರಸ್ತೆಗೆ ಚಾಚಿದ ಇಳಿಜಾರುಗಳಿಗೆ ಬರವಿಲ್ಲ.

ಹುಮಾಯೂನನ ಗೋರಿಯ ಜಗತಿಯಂತೂ ಬೇರೆಯೇ ಸಮಸ್ಯೆ. ಅದರ ಎತ್ತರವನ್ನು ಆರು ಮೀಟರೆಂದೇ ಹಿಡಿದರೂ 72 ಮೀಟರ್ ಇಳಿಜಾರು, ಮೇಲೆ ತಂಗುದಾಣಗಳು ಬೇರೆ. ಪಾರಂಪರಿಕ ಕಟ್ಟಡದ ಮುಖಕ್ಕೆ ಅದನ್ನು ಅಂಟಿಸಬಹುದೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಶ್ರವಣಬೆಳಗೊಳದ ಬೆಟ್ಟಕ್ಕೆ ವೃದ್ಧರನ್ನು ಡೋಲಿಯಲ್ಲಿ ಹೊತ್ತೊಯ್ಯುವುದನ್ನು ಕಂಡು ಬೆಳೆದವರು ನಾವು. ಹೊರುವುದು ನಮಗೆ ಪುಣ್ಯದ ಕೆಲಸ. ಆದರೆ ಹೊರಿಸಿಕೊಳ್ಳುವವರ ಮನಸ್ಸನ್ನು ಕೇಳಿದವರು ಕಡಿಮೆ. ಬೆಟ್ಟಕ್ಕೆ ಹೊರುವುದು ಸರಿ. ಬ್ಯಾಂಕಿಗೂ ಔಷಧದ ಅಂಗಡಿಗೂ ಹೊರಿಸಿಕೊಳ್ಳಬೇಕೆ?

2016ರ ಹೊಸ ಕಾಯಿದೆ ಹಳೆಯ ಮಿತಿಯ ಮಾತನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿತು. ಖಾಸಗಿ ಸಂಸ್ಥೆಗಳನ್ನೂ ಒಳಗೊಂಡಿತು. ನಿಯಮ ಪಾಲಿಸದ ನಕ್ಷೆಗೆ ಅನುಮತಿ ಇಲ್ಲವೆಂದಿತು. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳಿಗೆ ಐದು ವರ್ಷ ಗಡುವಿತ್ತಿತು. 2017ರಲ್ಲಿ ಬಂದ ನಿಯಮಗಳಿಂದ ಎಣಿಸಿದರೆ ಆ ಗಡುವು 2022ಕ್ಕೆ ಮುಗಿಯಿತು. ದೃಷ್ಟಿದೋಷವುಳ್ಳ ರಾಜೀವ್ ರತೂರಿಯವರು 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್ 8ರಂದು ಹೇಳಿದ್ದು ಇನ್ನೂ ಮೂಲಭೂತವಾದ ಮಾತು: ಕಾಯಿದೆ ಕಡ್ಡಾಯವೆನ್ನುತ್ತದೆ, ಅದರ ಅಡಿಯ ನಿಯಮವು ಸಲಹೆಯ ಸ್ವರೂಪದ ಮಾರ್ಗಸೂಚಿಗಳನ್ನು ಮಾತ್ರ ತೋರಿಸುತ್ತದೆ, ಆದ್ದರಿಂದ ಆ ನಿಯಮ ನಿಲ್ಲದು. ಕಡ್ಡಾಯವಾಗಬೇಕಾದವನ್ನು ಬೇರ್ಪಡಿಸಿ ಮೂರು ತಿಂಗಳಲ್ಲಿ ನಿಯಮ ರೂಪಿಸಿರೆಂದು ಕೇಂದ್ರಕ್ಕೆ ಆದೇಶಿಸಿತು. ಅಬಿದಿಯವರು ಇದನ್ನು ಕಾಣಲು ಇರಲಿಲ್ಲ. 2018ರ ಮಾರ್ಚಿನಲ್ಲಿ ತೀರಿಕೊಂಡಿದ್ದರು.

ನಾನಿರುವ ನೋಯ್ಡಾದ ವಸತಿ ಸಮುಚ್ಚಯದ ಬಾಗಿಲಲ್ಲೂ ಒಂದು ಇಳಿಜಾರಿದೆ. ಊರಿನಿಂದ ಬಂದಿದ್ದ ನೆರೆಮನೆಯ ಅಜ್ಜಿಯನ್ನು ಅದರಲ್ಲಿ ಇಳಿಸುವಾಗ ಕಾವಲುಗಾರನು ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ತಾನು ಕೆಳಬದಿಯಲ್ಲಿದ್ದು, ಹೆಜ್ಜೆ ಹೆಜ್ಜೆಗೂ ತನ್ನ ಮೈಯನ್ನೇ ತಡೆಯಾಗಿಸಿ ಇಳಿಸಿದ. ಯಾರು ಕಲಿಸಿದರೋ, ಕಡಿದಾದಲ್ಲಿ ಅದೇ ಸರಿಯಾದ ಕ್ರಮ. ಆ ಸಂಜೆ ಟೇಪು ಹಿಡಿದು ಅಳೆದೆ: ಎತ್ತರ 60 ಸೆಂಟಿಮೀಟರ್, ಉದ್ದ 3 ಮೀಟರ್. ಒಂದಕ್ಕೆ ಐದು. ಬೇಕಾದದ್ದು 7.2 ಮೀಟರ್. ನಡುವೆ ತಂಗುದಾಣವಿಟ್ಟು ಗೋಡೆಯ ಮೂಲೆಯಲ್ಲಿ ತಿರುಗಿಸಿದರೆ ಜಾಗ ಸಾಲುತ್ತದೆ. ಒಂದು ಕಾರಿನ ನಿಲುಗಡೆ ಹೋಗುತ್ತದೆ. ನಿವಾಸಿಗಳ ಸಮಿತಿ ತಾತ್ತ್ವಿಕವಾಗಿ ಒಪ್ಪಿದೆ. ಯಾರ ಕಾರು ಎಂಬುದಷ್ಟೇ ಇನ್ನೂ ತೀರ್ಮಾನವಾಗಿಲ್ಲ.