ದುರ್ಗದ ಅರ್ಕಾವತ್ತು

ಯಾವ ಹೊಸ ಕನ್ವರ್ಟರ್ ಬಂದರೂ ನಾನು ಅದರೊಳಗೆ ಮೊದಲು ಹಾಕಿ ನೋಡುವುದು ನಾಲ್ಕು ಊರಿನ ಹೆಸರು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲು ಯೂನಿಕೋಡಿಗೆ ಬರುವಾಗ ಎಲ್ಲೆಲ್ಲಿ ಮುಗ್ಗರಿಸುತ್ತದೋ ಅದರಲ್ಲಿ ಬಹುಪಾಲು ಈ ನಾಲ್ಕರಲ್ಲೇ ಇದೆ. ಹೊಳಲ್ಕೆರೆಯಲ್ಲಿ ಡಿಟಿಪಿ ಅಂಗಡಿ ಇಟ್ಟವಳಿಗೆ ಬೇರೆ ಪರೀಕ್ಷೆ ಬೇಕಿಲ್ಲ.

ಈ ತೊಡಕಿನ ಬೇರು ಟೈಪ್‌ರೈಟರಿನಲ್ಲಿದೆ. ನಾನು ಚಿತ್ರದುರ್ಗದಲ್ಲಿ ಕನ್ನಡ ಜೂನಿಯರ್, ಸೀನಿಯರ್ ಕಲಿತದ್ದು ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯ ಮೇಲೆ. ಕಾಗುಣಿತ, ಒತ್ತಕ್ಷರ ಎಲ್ಲಕ್ಕೂ ಒಂದೊಂದು ಕೀಲಿ ಕೊಡಲು ಆ ಯಂತ್ರದಲ್ಲಿ ಜಾಗವೆಲ್ಲಿ? ಅಕ್ಷರದ ಒಡಲು ಒಂದು ಕಡೆ, ಗುಣಿತದ ಗುರುತು ಇನ್ನೊಂದು ಕಡೆ. ಎರಡೂ ಹಾಳೆಯ ಮೇಲೆ ಕೂಡಿದರೆ ಅಕ್ಷರ.

ಕಂಪ್ಯೂಟರ್ ಬಂದಾಗಲೂ ಅದೇ ಬುದ್ಧಿ ಮುಂದುವರಿಯಿತು. ಶ್ರೀಲಿಪಿ, ಆಕೃತಿ, ಪ್ರಕಾಶಕ್, 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಎಲ್ಲವೂ ಇಂಗ್ಲಿಷಿಗೆಂದು ಇದ್ದ 256 ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಇದನ್ನು ನಾವು ‘ಆಸ್ಕಿ’ ಎನ್ನುತ್ತೇವೆ. ನಿಜವಾದ ಆಸ್ಕಿಯಲ್ಲಿ ಇರುವುದು 128 ಮಾತ್ರ, ಆದರೆ ಅಂಗಡಿಯ ಮಾತಿಗೆ ಅಷ್ಟು ಲೆಕ್ಕ ಯಾರು ಇಡುತ್ತಾರೆ?

ನುಡಿ ಫೈಲಿನ ಫಾಂಟ್ ತೆಗೆದು ನೋಡಿ. ‘ಚಿತ್ರದುರ್ಗ’ದ ಚಿ ಇಂಗ್ಲಿಷಿನ ಸಣ್ಣ ‘ಎ’ ಆಗಿರುತ್ತದೆ. ಕೊನೆಯ ಅರ್ಕಾವತ್ತು ಐಸ್‌ಲ್ಯಾಂಡಿನವರು ಬರೆಯುವ ಒಂದು ಅಕ್ಷರ. ಪಾಳೆಯಗಾರರ ದುರ್ಗಕ್ಕೂ ಐಸ್‌ಲ್ಯಾಂಡಿಗೂ ಇದೊಂದೇ ನಂಟಿರಬೇಕು. ಫೈಲಿನಲ್ಲಿ ಉಳಿದದ್ದು ಕನ್ನಡವಲ್ಲ, ಕನ್ನಡದ ಆಕಾರ.

ವಿಚಿತ್ರವೆಂದರೆ ಕಂಪ್ಯೂಟರಿನ ಮೇಲೆ ನಮ್ಮ ಬೆರಳು ಹಾಗೆ ಕೆಲಸ ಮಾಡುತ್ತಿರಲಿಲ್ಲ. ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೆ ಮೂಲ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸ. ಅದರಲ್ಲಿ ‘ದುರ್ಗ’ ಎಂದು ಹೊಡೆಯಲು ದ, ಉ, ರ, ಒತ್ತಿಗೆ ಎಫ್, ಆಮೇಲೆ ಗ, ಅಂದರೆ ಬಾಯಲ್ಲಿ ಬರುವ ಕ್ರಮವೇ. 1991ರಿಂದ ಯೂನಿಕೋಡ್ ಕನ್ನಡಕ್ಕೆ ಕೊಟ್ಟಿರುವ 128 ಸ್ಥಾನಗಳಲ್ಲಿ ಪದ ಉಳಿಯುವುದೂ ಅದೇ ಕ್ರಮದಲ್ಲಿ. ಬೆರಳು ಸರಿ, ತೆರೆ ಸರಿ. ನಡುವಿನ ಫೈಲು ಮಾತ್ರ ಟೈಪ್‌ರೈಟರಿನ ಕಾಲದಲ್ಲೇ ಉಳಿದಿತ್ತು.

2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯೂನಿಕೋಡ್ ಫಾಂಟ್ ಇತ್ತು. ಆದರೂ ನಾವು ನುಡಿ ಬಿಡಲಿಲ್ಲ. ನಮ್ಮದು ಹಟವಲ್ಲ. ಲಗ್ನಪತ್ರಿಕೆ, ಭೀಮಸಮುದ್ರದ ಅಡಿಕೆ ವ್ಯಾಪಾರಿಗಳ ಬಿಲ್ ಪುಸ್ತಕ, ಸಾಣೇಹಳ್ಳಿ ನಾಟಕದ ಕರಪತ್ರ, ಏನೇ ಅಚ್ಚಾಗಬೇಕಾದರೂ ಪೇಜ್‌ಮೇಕರ್ ಬೇಕು, ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ತಿಳಿಯದು. ಇನ್‌ಡಿಸೈನಿಗೆ ನಮ್ಮ ಲಿಪಿ ಸರಿಯಾಗಿ ಜೋಡಿಸಲು ಬಂದದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಅಂಗಡಿಗಳ ಸಿ.ಡಿ.ಗಳಲ್ಲಿ ನುಡಿ ಫೈಲುಗಳ ರಾಶಿ ಬಿದ್ದಿತ್ತು.

ಆ ರಾಶಿಯನ್ನು ಬಿಡಿಸಿದ್ದು ಆನ್‌ಲೈನ್ ಕನ್ವರ್ಟರುಗಳು. ಅರವಿಂದ ವಿ.ಕೆ. ಅವರದು ಮುಕ್ತವಾಗಿ ಸಿಗುತ್ತದೆ, ಅದರ ಒಳಗುಟ್ಟನ್ನೂ ಅವರು ಮುಚ್ಚಿಟ್ಟಿಲ್ಲ. ಮೇಲಿನ ಚೌಕದಲ್ಲಿ ಹಳೆಯದನ್ನು ಸುರಿದು ಗುಂಡಿ ಒತ್ತಿದರೆ ಕೆಳಗೆ ಯೂನಿಕೋಡ್. ಒಳಗೆ ನಡೆಯುವುದು ಬರೀ ಅದಲುಬದಲಲ್ಲ. ‘ಹಿರಿಯೂರು’ ನೋಡಿ. ನುಡಿಯಲ್ಲಿ ‘ಯ’ಕ್ಕೆ ಒಂದೇ ಸಂಕೇತವಿಲ್ಲ, ಅದರ ಮೊದಲ ತುಂಡು ಅನುಸ್ವಾರದ ಸೊನ್ನೆಯೇ. ಒಂದೊಂದೇ ಸಂಕೇತ ಓದುವ ದಡ್ಡ ಕನ್ವರ್ಟರ್ ಹಿರಿ ಆದಮೇಲೆ ಸೊನ್ನೆ ಇಟ್ಟು ಕೂರುತ್ತದೆ. ಆದ್ದರಿಂದ ಉದ್ದದ ಜೋಡಣೆಯನ್ನು ಮೊದಲು ಹುಡುಕಬೇಕು, ಸಿಗದಿದ್ದರೆ ಚಿಕ್ಕದು. ‘ಹೊಸದುರ್ಗ’ದ ಹೊ ಅಲ್ಲಿ ಎರಡು ಗುರುತು, ಇಲ್ಲಿ ಒಂದಾಗಬೇಕು. ‘ಹೊಳಲ್ಕೆರೆ’ಯಲ್ಲಿ ನುಡಿ ಮೊದಲು ‘ಲೆ’ ಬರೆದು ಆಮೇಲೆ ಕ ಒತ್ತು ಹಾಕಿರುತ್ತದೆ, ಅಲ್ಲಿಂದ ಎತ್ವವನ್ನು ಕಿತ್ತು ಕಕಾರದ ಹಿಂದಕ್ಕೆ ಒಯ್ಯಬೇಕು. ಅರ್ಕಾವತ್ತು ಇದಕ್ಕೆ ತಿರುಗುಮುರುಗು: ಗ ಆದಮೇಲೆ ಕೂತದ್ದನ್ನು ಗ ಮುಂದಕ್ಕೆ ತರಬೇಕು.

ತರದಿದ್ದರೆ ಏನಾಗುತ್ತದೆಂದು ಹೊಸದುರ್ಗ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತೋರಿಸಿದರು. ತಮ್ಮ ಸೀಮೆಯ ಇತಿಹಾಸ ಬರೆದು, ಎಲ್ಲೋ ಪರಿವರ್ತನೆ ಮಾಡಿಸಿ, ಪ್ರಿಂಟ್ ಹಿಡಿದು ಬಂದಿದ್ದರು.

“ಏನ್ ತಾಯಿ ಇದು, ದುರ್ಗ ಹೋಗಿ ದುಗರ್ ಆಗೈತಲ್ಲ!”

“ರಕಾರ ಒಂದ್ಮನೆ ಆಚೆ ಕೂತೈತೆ ಸಾರ್, ಕರ್ಕೊಂಡು ಬರ್ತೀನಿ,” ಅಂದೆ.

ಆ ಸಂಜೆ ಅವರು ಹೇಳಿದ ಸಂಗತಿ ನನಗೆ ಗೊತ್ತಿರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಪತ್ತೆಮಾಡಿದ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬರೆದವನು ಚಪಡ. ಶಾಸನವೆಲ್ಲ ಎಡದಿಂದ ಬಲಕ್ಕೆ ಹೋಗುವ ಬ್ರಾಹ್ಮಿಯಲ್ಲಿದೆ. ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. “ನಿನ್ನ ಕಸುಬಿನ ಹಿರೀಕ ಅವನು,” ಎಂದು ಮೇಷ್ಟ್ರು ನಕ್ಕರು.

ಕನ್ವರ್ಟರಿಗೆ ಇಂದಿಗೂ ಬಗೆಹರಿಯದ್ದು ಒಂದಿದೆ. ಹಳೆಯ ಕ್ರಯಪತ್ರಗಳಲ್ಲಿ ಕನ್ನಡದ ನಡುವೆ ಪಹಣಿಗೆ ಇಂಗ್ಲಿಷ್ ಅಕ್ಷರದಲ್ಲೇ ‘ಆರ್‌ಟಿಸಿ’ ಎಂದಿರುತ್ತದೆ. ಪಾಪ, ಅದು ಅದನ್ನೂ ನುಡಿ ಎಂದೇ ತಿಳಿದು ‘ಖಖಿಅ’ ಎಂದು ಓದುತ್ತದೆ. ಪಹಣಿ ತಂದವರ ಮುಂದೆ ಇದನ್ನು ಕಣ್ಣಲ್ಲೇ ಹುಡುಕಿ ತಿದ್ದಬೇಕು. ಯಂತ್ರದ ಕೆಲಸ ಮುಗಿದಮೇಲೆ ನನಗೆ ದುಡ್ಡು ಹುಟ್ಟುವುದು ಇಲ್ಲಿಯೇ.

ಈಗ ದಾರಿ ತಿರುಗಿದೆ. ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಯ ಕರಪತ್ರದ ಮಜಕೂರು ವಾಟ್ಸ್ಆ್ಯಪಿನಲ್ಲಿ ಯೂನಿಕೋಡಾಗಿ ಬರುತ್ತದೆ, ಪ್ರೆಸ್ಸಿನವರ ಹಳೆಯ ಕೋರಲ್‌ಡ್ರಾಗೆ ನುಡಿಯೇ ಬೇಕು. ನಾನು ಅದನ್ನು ಮತ್ತೆ ತುಂಡು ಮಾಡಿ ಕಳಿಸುತ್ತೇನೆ.