ಎಲ್ವೇರಾ ಬ್ರಿಟ್ಟೊ

ಎಲ್ವೇರಾ ಬ್ರಿಟ್ಟೊ (ಸು. 1940 – 26 ಏಪ್ರಿಲ್ 2022): ಬೆಂಗಳೂರಿನ ಹಾಕಿ ಆಟಗಾರ್ತಿ, ಮೈಸೂರು ರಾಜ್ಯ ಮಹಿಳಾ ತಂಡದ ನಾಯಕಿ, ಭಾರತ ತಂಡದ ಸದಸ್ಯೆ. 1960ರ ದಶಕದಲ್ಲಿ ದೇಶದ ಮಹಿಳಾ ಹಾಕಿಯಲ್ಲಿ ಮೈಸೂರು ತಂಡ ಮೆರೆದದ್ದು ಇವರ ಕಾಲದಲ್ಲಿ. 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಇವರು ಆ ಗೌರವಕ್ಕೆ ಪಾತ್ರರಾದ ಎರಡನೆಯ ಹಾಕಿ ಆಟಗಾರ್ತಿ.

ಎಲ್ವೇರಾ ಆಟಕ್ಕೆ ಇಳಿದದ್ದು ಹದಿಮೂರನೆಯ ವಯಸ್ಸಿನಲ್ಲಿ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಆ ಹೊತ್ತಿಗಾಗಲೇ ಹಾಕಿ ಬೇರುಬಿಟ್ಟಿತ್ತು. ಸೈನಿಕರ ಮೈದಾನಗಳು ಅಲ್ಲಿದ್ದವು, ಕಾನ್ವೆಂಟ್ ಶಾಲೆಗಳಿದ್ದವು, ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತ ಮನೆಗಳಲ್ಲಿ ಹೆಣ್ಣುಮಕ್ಕಳು ಕೋಲು ಹಿಡಿದು ಮೈದಾನಕ್ಕೆ ಹೋಗುವುದನ್ನು ಯಾರೂ ತಡೆಯುತ್ತಿರಲಿಲ್ಲ. ರಾಜ್ಯದ ಉಳಿದೆಡೆ ಹೆಣ್ಣುಮಕ್ಕಳಿಗೆ ಈ ಅನುಕೂಲ ಸುಲಭವಾಗಿ ದಕ್ಕುತ್ತಿರಲಿಲ್ಲ ಎಂಬುದನ್ನು ನೆನಪಿನಲ್ಲಿಟ್ಟೇ ಎಲ್ವೇರಾ ಅವರ ಸಾಧನೆಯನ್ನು ಓದಬೇಕು.

ಇವರ ಸಹೋದರಿಯರಾದ ರೀಟಾ ಮತ್ತು ಮೇ ಕೂಡ ಹಾಕಿ ಆಟಗಾರ್ತಿಯರೇ. ಒಂದೇ ಮನೆಯ ಮೂವರು 1960ರಿಂದ 1967ರವರೆಗೆ ಮೈಸೂರು ತಂಡದ ಪರವಾಗಿ ಆಡಿದರು. ಆ ಅವಧಿಯಲ್ಲಿ ತಂಡ ಏಳು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತು. ಒಮ್ಮೆ ಗೆಲ್ಲುವುದಕ್ಕೆ ಒಳ್ಳೆಯ ಹನ್ನೊಂದು ಮಂದಿ ಸಾಕಾಗಬಹುದು. ಏಳು ಸಲ ಗೆಲ್ಲಬೇಕಾದರೆ ಹಳಬರು ಸರಿದಂತೆ ಹೊಸಬರನ್ನು ಪಳಗಿಸಬೇಕು, ಸೋಲಿಸಲು ಹವಣಿಸುವ ರಾಜ್ಯಗಳಿಗಿಂತ ಪ್ರತಿವರ್ಷ ಒಂದು ಹೆಜ್ಜೆ ಮುಂದಿರಬೇಕು. ಕರ್ನಾಟಕದ ತಂಡ ಆಟಗಳ ಚರಿತ್ರೆಯಲ್ಲಿ ಈ ಸರಣಿಗೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

ಅಂದಿನ ವರದಿ, ದಾಖಲೆಗಳಲ್ಲಿ ತಂಡದ ಹೆಸರು ‘ಮೈಸೂರು’; ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆದರೆ ಇದು ಹಳೆಯ ಮೈಸೂರು ಸೀಮೆಯ ತಂಡ ಮಾತ್ರವಲ್ಲ. 1956ರಲ್ಲಿ ಹೈದರಾಬಾದ್ ರಾಜ್ಯದ ಕಡೆಯಿಂದ ಬಂದು ಸೇರಿದ ರಾಯಚೂರು, ಮುಂಬಯಿ ಕರ್ನಾಟಕದ ಜಿಲ್ಲೆಗಳು, ಕೊಡಗು ಎಲ್ಲವನ್ನೂ ಒಳಗೊಂಡ ಹೊಸ ರಾಜ್ಯದ ತಂಡ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ, ಚಂದ್ರಬಂಡದ ಜನರಿಗೂ ಇದು ತಮ್ಮ ರಾಜ್ಯದ ಗೆಲುವೇ ಆಗಿತ್ತು.

ಆ ಕಾಲದ ಹಾಕಿ ಇಂದಿನದಕ್ಕಿಂತ ಬೇರೆ. ಕೃತಕ ಹುಲ್ಲಿನ ಅಂಗಣ ಬೆಂಗಳೂರಿನಲ್ಲಿರಲಿಲ್ಲ. ಒಲಿಂಪಿಕ್ಸ್ ಹಾಕಿಗೇ ಅದು ಬಂದದ್ದು 1976ರ ಮಾಂಟ್ರಿಯಲ್ ಕೂಟದಲ್ಲಿ. ಹುಲ್ಲು ಅಥವಾ ಗಟ್ಟಿ ಮಣ್ಣಿನ ಮೇಲೆ ಚೆಂಡು ಎಲ್ಲಿ ಪುಟಿಯುತ್ತದೆ, ಎಲ್ಲಿ ತಿರುಗುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ಹಾಗಾಗಿ ಚೆಂಡನ್ನು ನಿಲ್ಲಿಸುವುದೇ ಒಂದು ವಿದ್ಯೆ. ಆಫ್‌ಸೈಡ್ ನಿಯಮ ಜಾರಿಯಲ್ಲಿತ್ತು, ಆಟ ಶುರುವಾಗುತ್ತಿದ್ದದ್ದು ಇಬ್ಬರು ಎದುರುಬದುರು ನಿಂತು ಕೋಲಿಗೆ ಕೋಲು ತಾಗಿಸುವ ‘ಬುಲ್ಲಿ’ಯಿಂದ. ದಣಿದವರನ್ನು ಬೇಕೆಂದಾಗ ಕೂರಿಸಿ ಬೇರೆಯವರನ್ನು ಇಳಿಸುವ ಅವಕಾಶವೂ ಇರಲಿಲ್ಲ. ಆಟದಿಂದ ಸಂಪಾದನೆ ಎಂಬ ಮಾತಂತೂ ದೂರವೇ ಉಳಿಯಿತು.

ಭಾರತದ ಪರವಾಗಿ ಎಲ್ವೇರಾ ಆಸ್ಟ್ರೇಲಿಯಾ, ಶ್ರೀಲಂಕಾ (ಅಂದಿನ ಸಿಲೋನ್) ಮತ್ತು ಜಪಾನ್ ತಂಡಗಳ ವಿರುದ್ಧ ಆಡಿದರು. ಅಂತರರಾಷ್ಟ್ರೀಯ ಆಟಗಾರ್ತಿಯೊಬ್ಬರ ಪರಿಚಯದಲ್ಲಿ ಈ ಸಾಲು ಇಷ್ಟು ಚಿಕ್ಕದಾಗಿರುವುದಕ್ಕೆ ಅವರ ಆಟ ಕಾರಣವಲ್ಲ. ಭಾರತದ ಗಂಡಸರು 1928ರಿಂದಲೇ ಒಲಿಂಪಿಕ್ಸ್ ಚಿನ್ನ ಗೆಲ್ಲುತ್ತ ಬಂದಿದ್ದರು. ಮಹಿಳೆಯರಿಗೆ ಆ ಅಂಗಣದ ಬಾಗಿಲು ತೆರೆದದ್ದು 1980ರಲ್ಲಿ, ಮಾಸ್ಕೋದಲ್ಲಿ. ಮಹಿಳೆಯರ ಮೊದಲ ವಿಶ್ವಕಪ್ ಫ್ರಾನ್ಸಿನ ಮಾಂಡೆಲಿಯೊದಲ್ಲಿ ನಡೆದದ್ದು 1974ರಲ್ಲಿ. ಏಷ್ಯನ್ ಕ್ರೀಡಾಕೂಟಕ್ಕೆ ಮಹಿಳಾ ಹಾಕಿ ಸೇರಿದ್ದು 1982ರ ದೆಹಲಿ ಕೂಟದಲ್ಲಿ. ಎಲ್ವೇರಾ ಉತ್ತುಂಗದಲ್ಲಿದ್ದ ವರ್ಷಗಳಲ್ಲಿ ಇವು ಮೂರೂ ಇರಲಿಲ್ಲ. ಜಗತ್ತಿನ ಮಹಿಳಾ ಹಾಕಿಯನ್ನು ನೋಡಿಕೊಳ್ಳುತ್ತಿದ್ದದ್ದು 1927ರಲ್ಲಿ ಸ್ಥಾಪನೆಯಾದ, ಮಹಿಳೆಯರದೇ ಆದ ಪ್ರತ್ಯೇಕ ಅಂತರರಾಷ್ಟ್ರೀಯ ಒಕ್ಕೂಟ. ಅದು 1982ರಲ್ಲಷ್ಟೇ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್‌ನಲ್ಲಿ ವಿಲೀನವಾಯಿತು. ಹೀಗಾಗಿ ದೇಶಕ್ಕೆ ಬರುವ ವಿದೇಶಿ ತಂಡಗಳು, ಎಂದಾದರೊಮ್ಮೆ ಸಿಗುವ ಪ್ರವಾಸ, ಇವೇ ಅವರ ಮುಖ್ಯ ಅಂತರರಾಷ್ಟ್ರೀಯ ಅವಕಾಶ. ಆ ತಲೆಮಾರಿನ ಆಟಗಾರ್ತಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ಪೇ ಅತಿ ದೊಡ್ಡ ವೇದಿಕೆ. ಅಲ್ಲಿ ಏಳು ಸಲ ಗೆದ್ದ ತಂಡದವರನ್ನು ಪದಕಗಳ ಪಟ್ಟಿ ಹಿಡಿದು ಅಳೆಯುವುದು ನ್ಯಾಯವಲ್ಲ.

ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಆ ವರ್ಷವೇ ಬಂಗಾಳದ ಆನ್ ಲಮ್ಸ್‌ಡೆನ್ ಅದನ್ನು ಪಡೆದು ಮೊದಲ ಹಾಕಿ ಆಟಗಾರ್ತಿ ಎನಿಸಿದರು. 1965ರಲ್ಲಿ ಹಾಕಿಗೆ ಇಬ್ಬರು ಆಯ್ಕೆಯಾದರು: ಒಬ್ಬರು ಉಧಮ್ ಸಿಂಗ್, ಇನ್ನೊಬ್ಬರು ಎಲ್ವೇರಾ ಬ್ರಿಟ್ಟೊ. ಉಧಮ್ ಸಿಂಗ್ 1952, 1956 ಮತ್ತು 1964ರ ಒಲಿಂಪಿಕ್ಸ್ ಚಿನ್ನ, 1960ರ ಬೆಳ್ಳಿ ಗೆದ್ದವರು. ಒಲಿಂಪಿಕ್ಸ್‌ನಲ್ಲಿ ಆಡುವ ಅವಕಾಶವೇ ಇರದಿದ್ದ ಎಲ್ವೇರಾ ಅಂಥವರ ಸಾಲಿನಲ್ಲಿ ನಿಂತದ್ದು ದೇಶದೊಳಗಿನ ಆಟದ ಬಲದಿಂದ. ಮರುವರ್ಷ ಹಾಕಿ ಆಟಗಾರ್ತಿ ಸುನಿತಾ ಪುರಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಕರ್ನಾಟಕದ ಗಂಡಸರಲ್ಲಿ ಹಾಕಿಯ ಹೆಸರಾಂತರಾದ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಅರ್ಜುನ ಪುರಸ್ಕೃತರಾದದ್ದು 1970ರ ದಶಕದಲ್ಲಿ, ಎಲ್ವೇರಾ ನಂತರ.

ಆಡುವುದನ್ನು ನಿಲ್ಲಿಸಿದ ಮೇಲೂ ಎಲ್ವೇರಾ ಹಾಕಿಯನ್ನು ಬಿಡಲಿಲ್ಲ. ಕರ್ನಾಟಕ ರಾಜ್ಯ ಮಹಿಳಾ ಹಾಕಿ ಸಂಸ್ಥೆಯನ್ನು ಎಂಟು ವರ್ಷ ಮುನ್ನಡೆಸಿದರು. ಆಟಗಾರ್ತಿಯರ ಕಷ್ಟಸುಖ ಬಲ್ಲವರೇ ಆಡಳಿತಕ್ಕೆ ಬರುವುದು ನಮ್ಮ ಕ್ರೀಡಾ ಸಂಸ್ಥೆಗಳಲ್ಲಿ ಇಂದಿಗೂ ವಿರಳ.

ತಮಗೆ ದೊರೆಯದ ಅಂಗಣಗಳಲ್ಲಿ ಮುಂದಿನವರು ಆಡುವುದನ್ನು ಕಾಣುವಷ್ಟು ಆಯುಸ್ಸು ಅವರಿಗಿತ್ತು. 1974ರ ವಿಶ್ವಕಪ್ಪಿನಲ್ಲೂ 1980ರ ಒಲಿಂಪಿಕ್ಸ್‌ನಲ್ಲೂ ಭಾರತಕ್ಕೆ ನಾಲ್ಕನೆಯ ಸ್ಥಾನ ಸಿಕ್ಕಿತು, 1982ರ ಏಷ್ಯಾಡ್‌ನಲ್ಲಿ ಚಿನ್ನ ಬಂತು. 2021ರ ಆಗಸ್ಟಿನಲ್ಲಿ ಟೋಕಿಯೋದಲ್ಲಿ ಭಾರತದ ಮಹಿಳೆಯರು ಮತ್ತೆ ನಾಲ್ಕನೆಯವರಾದರು. ಅದಾದ ಎಂಟು ತಿಂಗಳ ಬಳಿಕ ಎಲ್ವೇರಾ ಬೆಂಗಳೂರಿನಲ್ಲಿ ವಯೋಸಹಜ ಅನಾರೋಗ್ಯದಿಂದ ನಿಧನರಾದರು. ಆಗ ಅವರಿಗೆ 81 ವರ್ಷ. ಹಾಕಿ ಇಂಡಿಯಾದ ಅಂದಿನ ಅಧ್ಯಕ್ಷ ಜ್ಞಾನೇಂದ್ರೊ ನಿಂಗೊಂಬಮ್ ಸಂತಾಪ ಸೂಚಿಸಿದರು.