ಸಂಧಾನಕ್ಕೆ ಬೇಕು, ಸಭೆಗೆ ಬೇಡ: ಈಶಾನ್ಯದ ಮಹಿಳಾ ಸಂಘಟನೆಗಳು ನಡೆದ ದಾರಿ

ಈಶಾನ್ಯ ಭಾರತ ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬರುವುದು ಅಲ್ಲಿ ಗುಂಡು ಹಾರಿದಾಗ. ಆ ಗುಂಡನ್ನು ತಡೆಯಲು ದಶಕಗಳಿಂದ ದುಡಿದ ಮಹಿಳಾ ಸಂಘಟನೆಗಳ ಕತೆಯಾದರೋ ಒಂದು ಫೋಟೊ, ಒಂದು ಉಪವಾಸ, ಒಂದು ತೀರ್ಪು ಎಂಬಂತೆ ಬಿಡಿಬಿಡಿಯಾಗಿ ಬಂದುಹೋಗಿದೆ. ಮಣಿಪುರದ ಮೈರಾ ಪೈಬಿಗಳು, ನಾಗಾಲ್ಯಾಂಡಿನ ನಾಗಾ ಮದರ್ಸ್ ಅಸೋಸಿಯೇಷನ್, ಹುಸಿ ಎನ್‌ಕೌಂಟರುಗಳಲ್ಲಿ ಮನೆಯವರನ್ನು ಕಳೆದುಕೊಂಡವರು ಕಟ್ಟಿದ ಸಂಘ, ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಪರ್ಯಾಸ ಎದ್ದು ಕಾಣುತ್ತದೆ. ಹೆಂಗಸರು ತಾಯಂದಿರಾಗಿ ಬಂದು ರಕ್ತಪಾತ ಬೇಡವೆಂದಾಗ ಸೈನಿಕರು, ಬಂಡುಕೋರರು, ಬುಡಕಟ್ಟಿನ ಹಿರಿಯರು ಎಲ್ಲರೂ ಕಿವಿಗೊಟ್ಟಿದ್ದಾರೆ. ಅದೇ ಹೆಂಗಸರು ನಾಗರಿಕರಾಗಿ ಪುರಸಭೆಯಲ್ಲಿ ಪಾಲು ಕೇಳಿದಾಗ ಸರ್ಕಾರಿ ಕಚೇರಿಗಳು ಸುಟ್ಟು ಬೂದಿಯಾಗಿವೆ. ತಾಯ್ತನ ಕೊಟ್ಟ ಬಲವೆಷ್ಟು, ಅದೇ ತಾಯ್ತನ ಹಾಕಿದ ಮಿತಿಯೆಷ್ಟು ಎಂಬ ಲೆಕ್ಕವೇ ಈ ಸಂಘಟನೆಗಳ ಚರಿತ್ರೆ.

ಸಂತೆಯಲ್ಲಿ ಹುಟ್ಟಿದ ಬಲ

ಇಂಫಾಲದ ಖ್ವೈರಂಬಂದ್ ಪೇಟೆಯಲ್ಲಿ ಮೀನು, ಸೊಪ್ಪು, ಕೈಮಗ್ಗದ ಬಟ್ಟೆ ಮಾರುವವರೆಲ್ಲ ಹೆಂಗಸರೇ. ಜನ ಅದನ್ನು ಇಮಾ ಕೈಥೆಲ್, ಅಂದರೆ ಅಮ್ಮಂದಿರ ಸಂತೆ ಎನ್ನುತ್ತಾರೆ. ಮೈತೇಯಿ ರಾಜರ ಕಾಲದಲ್ಲಿ ಗಂಡಸರು ಲಲ್ಲುಪ್ ಎಂಬ ಕಡ್ಡಾಯ ಸೇವೆಗೆ ಹೋಗಬೇಕಿತ್ತು. ಹೀಗಾಗಿ ವ್ಯಾಪಾರದ ಜೊತೆಗೆ ಊರಿನ ಸುದ್ದಿಯೂ ಹೆಂಗಸರ ಕೈಯಲ್ಲೇ ಇತ್ತು. ದಿನಾ ಒಂದೇ ಕಡೆ ಸಾವಿರಾರು ಮಂದಿ ಸೇರುವ ಆ ಸಂತೆಗೆ ಚಳವಳಿಯಾಗಲು ಬೇರೆ ಸಿದ್ಧತೆಯೇ ಬೇಕಿರಲಿಲ್ಲ.

1904ರಲ್ಲಿ ಬ್ರಿಟಿಷ್ ಅಧಿಕಾರಿಯ ಬಂಗಲೆಗೆ ಬೆಂಕಿ ಬಿತ್ತು. ಊರಿನ ಗಂಡಸರೇ ಬಿಟ್ಟಿ ದುಡಿದು ಅದನ್ನು ಮತ್ತೆ ಕಟ್ಟಿಕೊಡಬೇಕೆಂಬ ಆಜ್ಞೆ ಹೊರಟಾಗ ಮೊದಲು ಬೀದಿಗಿಳಿದವರು ಈ ಹೆಂಗಸರು. 1939ರದು ಅಕ್ಕಿಯ ಜಗಳ. ಫಸಲು ಹಾಳಾಗಿದ್ದರೂ ಅಕ್ಕಿ ಹೊರಗೆ ಸಾಗುತ್ತಲೇ ಇತ್ತು, ಬೆಲೆ ಗಗನಕ್ಕೇರಿತ್ತು. ಡಿಸೆಂಬರ್ 12ರಂದು ಸಾವಿರಾರು ಹೆಂಗಸರು ದರ್ಬಾರಿನ ಬ್ರಿಟಿಷ್ ಅಧ್ಯಕ್ಷನನ್ನು ತಂತಿ ಕಚೇರಿಗೆ ಕರೆದೊಯ್ದು, ಊರಲ್ಲಿಲ್ಲದ ಮಹಾರಾಜನಿಗೆ ತಂತಿ ಕಳಿಸುವಂತೆ ಪಟ್ಟು ಹಿಡಿದರು. ಉತ್ತರ ಬರುವ ತನಕ ಅವನನ್ನು ಅಲ್ಲಿಂದ ಕದಲಲು ಬಿಡಲಿಲ್ಲ. ಅಸ್ಸಾಂ ರೈಫಲ್ಸ್ ಬಯೊನೆಟ್ ಹಿಡಿದು ಬಂದಾಗ ಹಲವರು ಗಾಯಗೊಂಡರು. ನುಪಿ ಲಾನ್, ಅಂದರೆ ಹೆಂಗಸರ ಸಮರ, ಎಂದೇ ಹೆಸರಾದ ಈ ಎರಡು ಹೋರಾಟಗಳನ್ನು ಮಣಿಪುರ ಇಂದಿಗೂ ಡಿಸೆಂಬರ್ 12ರಂದು ನೆನೆಯುತ್ತದೆ.

ಪಂಜು ಹಿಡಿದ ಇಮಾಗಳು

1970ರ ದಶಕದಲ್ಲಿ ಈ ಶಕ್ತಿ ಕುಡಿತದ ವಿರುದ್ಧ ತಿರುಗಿತು. ಲಾಟೀನು ಹಿಡಿದು ರಾತ್ರಿ ಗಸ್ತು ತಿರುಗುವುದು, ಕುಡಿದು ಬಂದವರನ್ನು ಹಿಡಿದು ದಂಡ ಹಾಕುವುದು, ಭಟ್ಟಿಗಳನ್ನು ಒಡೆಯುವುದು, ಇದು ನಿಶಾ ಬಂದ್ ಚಳವಳಿಯ ವೈಖರಿ. ಮಣಿಪುರದಲ್ಲಿ 1991ರಲ್ಲಿ ಪಾನನಿಷೇಧ ಕಾಯ್ದೆ ಬಂದದ್ದರ ಹಿಂದೆ ಈ ಒತ್ತಡವಿತ್ತು.

ಆದರೆ ಅದಕ್ಕೂ ಮೊದಲೇ ರಾತ್ರಿಯ ಭಯದ ಸ್ವರೂಪವೇ ಬದಲಾಗಿತ್ತು. 1980ರಲ್ಲಿ ಇಡೀ ಮಣಿಪುರ ಗಲಭೆಪೀಡಿತ ಪ್ರದೇಶವೆಂದು ಘೋಷಿತವಾಗಿ, 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ರಾಜ್ಯದ ಉದ್ದಗಲಕ್ಕೂ ಜಾರಿಯಾಯಿತು. ವಾರಂಟ್ ಇಲ್ಲದೆ ಮನೆ ಹೊಕ್ಕು ಬಂಧಿಸುವ, ಅನುಮಾನ ಬಂದರೆ ಗುಂಡು ಹಾರಿಸುವ ಅಧಿಕಾರ ಸೇನೆಗೆ ಸಿಕ್ಕಿತು. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಯೋಧರ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. ಗಂಡುಮಕ್ಕಳನ್ನು ನಡುರಾತ್ರಿ ಎಬ್ಬಿಸಿ ಕರೆದೊಯ್ಯುವುದು ಮಾಮೂಲಾಯಿತು. ಲಾಟೀನು ಹಿಡಿದಿದ್ದ ಕೈಗಳು ಆಗ ಪಂಜು ಹಿಡಿದವು. ಮೈರಾ ಪೈಬಿ, ಪಂಜು ಹಿಡಿದವರು, ಎಂಬ ಹೆಸರು ಬಿದ್ದದ್ದು ಹಾಗೆ.

ಅವರ ಕೆಲಸದ ರೀತಿ ಸರಳ. ಕೇರಿಗೊಂದು ಚಪ್ಪರ, ಸರದಿಯ ಮೇಲೆ ಕಾವಲು. ಸೇನೆಯ ವಾಹನ ಕೇರಿಗೆ ನುಗ್ಗಿತೆಂದರೆ ಒಬ್ಬಾಕೆ ಕಲ್ಲು ತೆಗೆದುಕೊಂಡು ವಿದ್ಯುತ್ ಕಂಬಕ್ಕೆ ಬಡಿಯುತ್ತಾಳೆ, ಆ ಸದ್ದು ಕೇಳಿ ಮುಂದಿನ ಕಂಬ, ಅದರ ಮುಂದಿನ ಕಂಬ. ಕೆಲವೇ ನಿಮಿಷಗಳಲ್ಲಿ ಫನೆಕ್ ಎಂಬ ಅಲ್ಲಿನ ಉಡುಗೆ ಉಟ್ಟ ಹೆಂಗಸರು ರಸ್ತೆಗೆ ಅಡ್ಡ ನಿಂತಿರುತ್ತಾರೆ. ಯಾರನ್ನು ಒಯ್ಯುತ್ತಿದ್ದೀರಿ, ಎಲ್ಲಿಗೆ ಎಂಬ ಲೆಕ್ಕ ಕೇಳದೆ ಬಿಡುವುದಿಲ್ಲ. ಈ ಸಂಘಗಳಿಗೆ ಕೇಂದ್ರ ಕಚೇರಿಯಿಲ್ಲ, ಸದಸ್ಯತ್ವದ ಪಟ್ಟಿಯಿಲ್ಲ. ಕೇರಿಯ ಮದುವೆಯಾದ ಹೆಂಗಸರೆಲ್ಲ ತಾನಾಗಿ ಅದರವರು. ಅದರ ಗಟ್ಟಿತನವೂ ಅದರ ಕೊರತೆಯೂ ಈ ಕೇರಿಯ ನಂಟಿನಲ್ಲೇ ಇದ್ದುದು ಮುಂದೆ ಗೊತ್ತಾಯಿತು.

ನಾಗಾ ಗುಡ್ಡಗಳಲ್ಲಿ

ತಾಂಖುಲ್ ನಾಗಾಗಳಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಒಂದೂರಿನಿಂದ ಇನ್ನೊಂದೂರಿಗೆ ಮದುವೆಯಾಗಿ ಹೋದವಳನ್ನು ಪುಕ್ರೈಲಾ ಎನ್ನುತ್ತಿದ್ದರು. ಎರಡೂರುಗಳ ನಡುವೆ ಕಾಳಗ ಹತ್ತಿದರೆ ಮಧ್ಯೆ ಹೋಗಿ ನಿಲ್ಲುವ ಅಧಿಕಾರ ಅವಳಿಗಿತ್ತು, ಅವಳ ಮೇಲೆ ಯಾರೂ ಕೈಯೆತ್ತುವಂತಿರಲಿಲ್ಲ. ತವರೂ ಗಂಡನ ಮನೆಯೂ ತನ್ನದೇ ಆದವಳಿಗೆ ಎರಡೂ ಕಡೆಯ ಸಾವು ತನ್ನದೇ. ಆದರೆ ಕಾಳಗ ನಿಲ್ಲಿಸಬಲ್ಲ ಅವಳಿಗೆ ಹಳ್ಳಿಯ ಪರಿಷತ್ತಿನಲ್ಲಿ ಕೂರುವ ಹಕ್ಕಿರಲಿಲ್ಲ.

1984ರ ಫೆಬ್ರವರಿ 14ರಂದು ಕೊಹಿಮಾದಲ್ಲಿ ಹುಟ್ಟಿದ ನಾಗಾ ಮದರ್ಸ್ ಅಸೋಸಿಯೇಷನ್ ಈ ಪರಂಪರೆಯ ಬಲದ ಮೇಲೆಯೇ ನಿಂತಿತು. ನೈದೊನುವೊ ಅಂಗಾಮಿ ಅದನ್ನು ಕಟ್ಟಿದವರಲ್ಲಿ ಪ್ರಮುಖರು, 2000ದಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಂಘ ಮೊದಲಿಗೆ ಕೈಹಾಕಿದ್ದು ಯುವಕರನ್ನು ನುಂಗುತ್ತಿದ್ದ ಕುಡಿತ ಮತ್ತು ಹೆರಾಯಿನ್ ಪಿಡುಗಿಗೆ. ವ್ಯಸನಿಗಳಿಗೆ ಪುನರ್ವಸತಿ ಕೇಂದ್ರ ತೆರೆಯಿತು, ಎಚ್‌ಐವಿ ಎಂಬ ಮಾತೆತ್ತಲೂ ಜನ ಹೆದರುತ್ತಿದ್ದ ಕಾಲದಲ್ಲಿ ಪರೀಕ್ಷೆ ಮತ್ತು ಆರೈಕೆಗೆ ಮುಂದಾಯಿತು.

ಆಗ ನಾಗಾ ಬಂಡುಕೋರ ಬಣಗಳು ಸೇನೆಯೊಂದಿಗಷ್ಟೇ ಕಾದಾಡುತ್ತಿರಲಿಲ್ಲ, ತಮ್ಮತಮ್ಮಲ್ಲೇ ಹೊಡೆದಾಡಿ ಸಾಯುತ್ತಿದ್ದವು. 1994ರಲ್ಲಿ ಸಂಘ ‘ಇನ್ನು ರಕ್ತ ಹರಿಸಬೇಡಿ’ ಎಂಬ ಕರೆಯೊಂದಿಗೆ ಶಾಂತಿ ಅಭಿಯಾನ ಆರಂಭಿಸಿತು. ಕೊಂದವರು ಯಾರೇ ಆಗಲಿ ಹೆಸರು ಹೇಳಿ ಖಂಡಿಸುವುದು, ಬಣಗಳ ಶಿಬಿರಗಳಿಗೇ ಹೋಗಿ ನಾಯಕರೊಂದಿಗೆ ಮಾತಾಡುವುದು ಅದರ ದಾರಿ. ಅದೇ ವರ್ಷ ಮಣಿಪುರದ ನಾಗಾ ಮಹಿಳೆಯರೂ ತಮ್ಮ ಒಕ್ಕೂಟ ಕಟ್ಟಿಕೊಂಡರು. 1997ರಲ್ಲಿ ಬಂಡುಕೋರ ಬಣಗಳಲ್ಲೊಂದಾದ ಎನ್‌ಎಸ್‌ಸಿಎನ್ (ಐ-ಎಂ) ಮತ್ತು ಭಾರತ ಸರ್ಕಾರದ ನಡುವೆ ಕದನವಿರಾಮವಾಯಿತು. ಅದಕ್ಕೆ ನೆಲ ಹದಗೊಳಿಸಿದ್ದರಲ್ಲಿ ಚರ್ಚಿನ ಹಿರಿಯರ ಜೊತೆಗೆ ಈ ತಾಯಂದಿರ ಪಾಲೂ ದೊಡ್ಡದು. ಆದರೆ ಅಲ್ಲಿಂದೀಚೆಗೆ ಕೇಂದ್ರದ ಸಂಧಾನಕಾರರಾಗಿ ಬಂದವರೆಲ್ಲ ಗಂಡಸರೇ. 2015ರಲ್ಲಿ ಒಪ್ಪಂದದ ಚೌಕಟ್ಟಿಗೆ ಸಹಿ ಬಿದ್ದಾಗಲೂ ಅದರಲ್ಲಿ ಹೆಣ್ಣಿನ ಹೆಸರಿರಲಿಲ್ಲ.

ಬೀದಿಯಿಂದ ನ್ಯಾಯಾಲಯಕ್ಕೆ

ಶಾಂತಿ ಮಾತುಕತೆಗಳಲ್ಲಿ ಮಹಿಳೆಯರಿಗೆ ಪಾಲಿರಬೇಕೆಂಬ 1325ನೇ ನಿರ್ಣಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ್ದು 2000ದ ಅಕ್ಟೋಬರ್ 31ರಂದು. ಎರಡು ದಿನ ಕಳೆದು, ನವೆಂಬರ್ 2ರಂದು, ಇಂಫಾಲದ ಬಳಿಯ ಮಾಲೊಮ್‌ನಲ್ಲಿ ಅಸ್ಸಾಂ ರೈಫಲ್ಸ್ ಗುಂಡಿಗೆ ಹತ್ತು ಮಂದಿ ನಾಗರಿಕರು ಬಲಿಯಾದರು. ಇರೋಮ್ ಶರ್ಮಿಳಾ ಎಂಬ ಯುವತಿ ವಿಶೇಷಾಧಿಕಾರ ಕಾಯ್ದೆ ರದ್ದಾಗುವ ತನಕ ಅನ್ನನೀರು ಮುಟ್ಟುವುದಿಲ್ಲವೆಂದು ಕೂತದ್ದು ಆ ವಾರವೇ. ಆತ್ಮಹತ್ಯೆ ಯತ್ನದ ಆರೋಪದ ಮೇಲೆ ಅವರನ್ನು ಬಂಧಿಸಿ, ಮೂಗಿಗೆ ನಳಿಕೆ ಹಾಕಿ ದ್ರವಾಹಾರ ಕೊಡಲಾಯಿತು. ಆ ಆರೋಪಕ್ಕೆ ಗರಿಷ್ಠ ಶಿಕ್ಷೆ ಒಂದು ವರ್ಷ. ಹಾಗಾಗಿ ವರ್ಷಕ್ಕೊಮ್ಮೆ ಬಿಡುಗಡೆ, ಉಪವಾಸ ಮುಂದುವರಿಸಿದರೆಂದು ಮತ್ತೆ ಬಂಧನ. ಸುಮಾರು 16 ವರ್ಷ ಇದೇ ನಡೆಯಿತು.

2004ರ ಜುಲೈನಲ್ಲಿ ತಂಗ್ಜಮ್ ಮನೋರಮಾ ಎಂಬ ಯುವತಿಯನ್ನು ಅಸ್ಸಾಂ ರೈಫಲ್ಸ್ ರಾತ್ರಿ ಮನೆಯಿಂದ ಬಂಧಿಸಿ ಒಯ್ದಿತು. ಮರುದಿನ ಗುಂಡೇಟಿನ ಗುರುತುಗಳಿದ್ದ ಶವ ಸಿಕ್ಕಿತು. ಜುಲೈ 15ರಂದು ಹನ್ನೆರಡು ಮಂದಿ ಇಮಾಗಳು ಅಸ್ಸಾಂ ರೈಫಲ್ಸ್ ನೆಲೆಸಿದ್ದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ ಬೆತ್ತಲಾಗಿ ನಿಂತು, ನಾವೂ ಮನೋರಮಾಳ ತಾಯಂದಿರೇ ಎಂದು ಸವಾಲು ಹಾಕಿದರು. ತಾಯ್ತನವೆಂಬ ಅಸ್ತ್ರ ಅಷ್ಟು ಹರಿತವಾಗಿ ಬಳಕೆಯಾದದ್ದು ಅದೇ ಮೊದಲು. ತಿಂಗಳೊಪ್ಪತ್ತಿನಲ್ಲಿ ಇಂಫಾಲ ನಗರಸಭೆಯ ವ್ಯಾಪ್ತಿಯಿಂದ ಕಾಯ್ದೆ ತೆರವಾಯಿತು, ನವೆಂಬರ್‌ನಲ್ಲಿ ಕಾಂಗ್ಲಾ ರಾಜ್ಯದ ಕೈಗೆ ಬಂತು. ಕಾಯ್ದೆಯನ್ನೇ ರದ್ದು ಮಾಡಬೇಕೆಂದು ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ 2005ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ.

ಕಣ್ಣೀರಿಗೆ ಇಷ್ಟೇ ಬೆಲೆಯೆಂದು ಮನಗಂಡವರು ಕಡತ ಹಿಡಿದರು. ಎನ್‌ಕೌಂಟರುಗಳಲ್ಲಿ ಸತ್ತವರ ಹೆಂಡತಿಯರು, ತಾಯಂದಿರು 2009ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು, ಪ್ರಥಮ ಮಾಹಿತಿ ವರದಿ, ಶವಪರೀಕ್ಷೆಯ ವರದಿ, ಸಾಕ್ಷಿಗಳ ಹೇಳಿಕೆ ಎಂದು ಒಂದೊಂದೇ ಕಾಗದ ಕೂಡಿಹಾಕಿದರು. ಹ್ಯೂಮನ್ ರೈಟ್ಸ್ ಅಲರ್ಟ್ ಎಂಬ ಸಂಸ್ಥೆಯ ಜೊತೆಗೂಡಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಅರ್ಜಿಯಲ್ಲಿ 1,528 ಸಾವುಗಳ ಪಟ್ಟಿಯಿತ್ತು. ಮಾದರಿಯಾಗಿ ಆರು ಪ್ರಕರಣಗಳನ್ನು ಪರಿಶೀಲಿಸಲು 2013ರಲ್ಲಿ ಕೋರ್ಟು ನೇಮಿಸಿದ ಆಯೋಗದ ಮುಖ್ಯಸ್ಥರು, ಗಣಿ ವರದಿಯಿಂದ ಕನ್ನಡಿಗರ ಮನೆಮಾತಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ. ಕರ್ನಾಟಕದ ಮಾಜಿ ಪೊಲೀಸ್ ಮಹಾನಿರ್ದೇಶಕ ಅಜಯ್ ಕುಮಾರ್ ಸಿಂಗ್ ಒಬ್ಬ ಸದಸ್ಯರು, ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಇನ್ನೊಬ್ಬರು. ಆರಕ್ಕೆ ಆರೂ ನಿಜವಾದ ಎನ್‌ಕೌಂಟರುಗಳಲ್ಲ ಎಂದು ಆಯೋಗ ವರದಿ ಕೊಟ್ಟಿತು. ಸತ್ತವರಲ್ಲೊಬ್ಬ 12 ವರ್ಷದ ಬಾಲಕ. ಗಲಭೆಪೀಡಿತ ಪ್ರದೇಶದಲ್ಲೂ ಸೇನೆಗೆ ಲಂಗುಲಗಾಮಿಲ್ಲದ ಅಧಿಕಾರವಿಲ್ಲ ಎಂದು 2016ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮರುವರ್ಷ ಸಿಬಿಐ ತನಿಖೆಗೆ ಆದೇಶವಾಯಿತು. ಚಳವಳಿ ಇಲ್ಲಿ ಕರುಣೆಯ ಭಾಷೆಯನ್ನು ಬಿಟ್ಟು ಪುರಾವೆಯ ಭಾಷೆಗೆ ಹೊರಳಿತು.

ಕುರ್ಚಿ ಕೇಳಿದಾಗ

2016ರ ಆಗಸ್ಟ್ 9ರಂದು ಶರ್ಮಿಳಾ ಜೇನು ಸವಿದು ಉಪವಾಸ ಮುಗಿಸಿದರು. ಮದುವೆಯಾಗುತ್ತೇನೆ, ಚುನಾವಣೆಗೆ ನಿಲ್ಲುತ್ತೇನೆ ಎಂದರು. ಅವರನ್ನು ದೇವಿಯೆಂದು ಕೊಂಡಾಡಿದ್ದವರೇ ಮುಖ ತಿರುಗಿಸಿದರು. ಮರುವರ್ಷ ತೌಬಾಲ್ ಕ್ಷೇತ್ರದಲ್ಲಿ ಅವರಿಗೆ ಬಿದ್ದದ್ದು 90 ಮತ. ಮಣಿಪುರ ಬಿಟ್ಟು ದಕ್ಷಿಣಕ್ಕೆ ಬಂದ ಅವರಿಗೆ 2019ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದು ಬೆಂಗಳೂರಿನಲ್ಲಿ. ತ್ಯಾಗಮೂರ್ತಿಯಾಗಿ ಆಕೆ ಬೇಕಿದ್ದರು, ತನಗೂ ಒಂದು ಬದುಕಿದೆ ಎಂಬ ಹೆಣ್ಣಾಗಿ ಬೇಕಿರಲಿಲ್ಲ.

ನಾಗಾಲ್ಯಾಂಡಿನಲ್ಲಿ ಇದೇ ಪಾಠ ಇನ್ನಷ್ಟು ಒರಟಾಗಿ ಬಂತು. ಕರ್ನಾಟಕದ ಪಂಚಾಯತಿಗಳಲ್ಲಿ 1987ರ ಹೊತ್ತಿಗೇ ಶೇ 25ರಷ್ಟು ಮಹಿಳಾ ಮೀಸಲಾತಿಯಿತ್ತು, ಈಗ ಅದು ಅರ್ಧಕ್ಕೇರಿದೆ. ನಾಗಾಲ್ಯಾಂಡಿನಲ್ಲಿ ಪುರಸಭೆಗಳ ಮೂರನೇ ಒಂದು ಪಾಲನ್ನು ಕೊಡುವುದಕ್ಕೂ ಬುಡಕಟ್ಟಿನ ಪರಮೋಚ್ಚ ಸಭೆಗಳಾದ ಹೊಹೊಗಳು ಒಪ್ಪಲಿಲ್ಲ. ಸಂವಿಧಾನದ 371ಎ ವಿಧಿ ನಾಗಾ ಸಂಪ್ರದಾಯಗಳಿಗೆ ರಕ್ಷಣೆ ಕೊಟ್ಟಿದೆ, ಹೆಂಗಸರು ಆಳುವುದು ಸಂಪ್ರದಾಯದಲ್ಲಿಲ್ಲ ಎಂಬುದು ಅವರ ವಾದ. ಪುರಸಭೆ ಎಂಬುದೇ ಸಂಪ್ರದಾಯದಲ್ಲಿರಲಿಲ್ಲ, ಅದು ಕಾನೂನು ಸೃಷ್ಟಿಸಿದ ಸಂಸ್ಥೆ ಎಂಬುದು ಮಹಿಳೆಯರ ಉತ್ತರ. ರೋಸ್‌ಮೇರಿ ಜುವಿಚು ಮೊದಲಾದ ಹೋರಾಟಗಾರ್ತಿಯರು 2011ರಲ್ಲಿ ಹೈಕೋರ್ಟಿನ ಮೆಟ್ಟಿಲೇರಿದರು.

2017ರ ಫೆಬ್ರವರಿ 1ಕ್ಕೆ ಮೀಸಲಾತಿಯೊಂದಿಗೆ ಚುನಾವಣೆ ನಿಗದಿಯಾದಾಗ ರಾಜ್ಯವೇ ಸ್ತಬ್ಧವಾಯಿತು. ದಿಮಾಪುರದಲ್ಲಿ ಗುಂಡಿಗೆ ಇಬ್ಬರು ಯುವಕರು ಸತ್ತರು, ಕೊಹಿಮಾದ ಪುರಸಭೆ ಕಚೇರಿ ಸುಟ್ಟುಹೋಯಿತು, ಚುನಾವಣೆ ರದ್ದಾಯಿತು, ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೆಸರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಕರಣ ಮಾತ್ರ ನಿಲ್ಲದೆ ನಡೆಯಿತು. ಕೋರ್ಟಿನ ಒತ್ತಡಕ್ಕೆ ಮಣಿದು 2023ರಲ್ಲಿ ಹೊಸ ಕಾಯ್ದೆ ಬಂತು. ಮೂರನೇ ಒಂದು ಪಾಲು ಸಿಕ್ಕಿತು, ಅಧ್ಯಕ್ಷ ಸ್ಥಾನಗಳಿಗೆ ಮೀಸಲಾತಿ ಸಿಗಲಿಲ್ಲ. 2004ರ ನಂತರದ ಮೊದಲ ಪುರಸಭಾ ಚುನಾವಣೆ ನಡೆದದ್ದು 2024ರ ಜೂನ್‌ನಲ್ಲಿ. 1963ರಲ್ಲಿ ಹುಟ್ಟಿದ ರಾಜ್ಯದ ವಿಧಾನಸಭೆಗೆ ಮೊದಲ ಬಾರಿ ಮಹಿಳೆಯರು, ಹೆಕಾನಿ ಜಖಾಲು ಮತ್ತು ಸಲ್ಹೌತುವೊನುವೊ ಕ್ರೂಸೆ, ಗೆದ್ದದ್ದೂ 2023ರಲ್ಲೇ.

ಯಾರ ತಾಯಂದಿರು?

2023ರ ಮೇ 3ರಂದು ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ಹಿಂಸೆ ಭುಗಿಲೆದ್ದಿತು. 250ಕ್ಕೂ ಹೆಚ್ಚು ಜನ ಸತ್ತರು, 60,000ದಷ್ಟು ಮಂದಿ ಮನೆಮಠ ಕಳೆದುಕೊಂಡರು. ಕೇರಿ ಕಾಯಲು ಕಲಿತಿದ್ದ ಸಂಘಟನೆ ಈಗ ತನ್ನ ಸಮುದಾಯವನ್ನು ಕಾಯತೊಡಗಿತು. ಜೂನ್‌ನಲ್ಲಿ ಇಥಮ್ ಎಂಬಲ್ಲಿ ಮಹಿಳೆಯರ ಮುಂದಾಳತ್ವದ ದೊಡ್ಡ ಗುಂಪು ಸುತ್ತುವರಿದಾಗ, ಸೇನೆ ತಾನು ಹಿಡಿದಿದ್ದ ಹನ್ನೆರಡು ಮಂದಿ ಉಗ್ರರನ್ನು ಬಿಟ್ಟು ಹಿಂದಿರುಗಿತು. ಆಗಸ್ಟ್‌ನಲ್ಲಿ ಅಸ್ಸಾಂ ರೈಫಲ್ಸ್ ತೊಲಗಲಿ ಎಂದು ಕಣಿವೆಯ ಮೈರಾ ಪೈಬಿಗಳು ಬೀದಿಗಿಳಿದರೆ, ಅದೇ ಪಡೆ ಉಳಿಯಲಿ ಎಂದು ಬೆಟ್ಟದ ಕುಕಿ ಮಹಿಳೆಯರು ಧರಣಿ ಕೂತರು. ಎರಡೂ ಕಡೆಯವರದು ತಾಯಂದಿರ ದನಿಯೇ. ಇಬ್ಬರು ಕುಕಿ ಮಹಿಳೆಯರನ್ನು ಬೆತ್ತಲೆ ಮಾಡಿ ನಡೆಸಿದ ವಿಡಿಯೊ ಜುಲೈನಲ್ಲಿ ಹೊರಬಂದಾಗ ಮುಖ್ಯ ಆರೋಪಿಯ ಮನೆಗೆ ಬೆಂಕಿಯಿಟ್ಟವರು ಅವನದೇ ಊರಿನ ಮೈತೇಯಿ ಹೆಂಗಸರು. ತಪ್ಪು ಮಾಡಿದ ಮಗನನ್ನು ದಂಡಿಸುವ ಹಳೆಯ ಕಟ್ಟು ಆ ಹೊತ್ತಿನಲ್ಲೂ ಪೂರ್ತಿ ಸತ್ತಿರಲಿಲ್ಲ. ಆದರೆ ಎದುರು ಸಮುದಾಯದ ಹೆಣ್ಣಿನ ಜೊತೆ ಕೂತು ಮಾತಾಡಲು ಅದು ಸಾಲದಾಯಿತು.

ಕೊಹಿಮಾದ ತಾಯಂದಿರು ಬಣಗಳ ನಡುವೆ ಓಡಾಡಬಲ್ಲವರಾದದ್ದು ಆ ಬಣಗಳೆಲ್ಲ ನಾಗಾಗಳವೇ ಆಗಿದ್ದರಿಂದ. ರಕ್ತಸಂಬಂಧದ ಆಚೆಗೆ ತಾಯ್ತನದ ಮಾತು ನಡೆಯುವುದಿಲ್ಲ. ಅಲ್ಲಿ ಬೇಕಾಗುವುದು ಇಬ್ಬರಿಗೂ ಸಮಾನವಾಗಿ ಅನ್ವಯಿಸುವ ಕಾನೂನು, ಇಬ್ಬರಿಗೂ ಕುರ್ಚಿಯಿರುವ ಸಭೆ. ಈ ಚಳವಳಿಯ ಗೆಲುವುಗಳಲ್ಲಿ ಬಹುಕಾಲ ಉಳಿದವೂ ಅಂಥವೇ: 2016ರ ತೀರ್ಪು, ನಾಗಾಲ್ಯಾಂಡಿನ ಪುರಸಭೆಯ ಸ್ಥಾನಗಳು. ಗಂಡಸರಿಗಿಂತ ಹೆಣ್ಣು ಮತದಾರರೇ ಹೆಚ್ಚಿರುವ ಮಣಿಪುರದಲ್ಲಿ 2022ರ ಚುನಾವಣೆಯಲ್ಲಿ 60 ಶಾಸಕರ ಪೈಕಿ ಗೆದ್ದ ಮಹಿಳೆಯರು ಐದೇ ಮಂದಿ. 1325ನೇ ನಿರ್ಣಯದ ಜಾರಿಗೆ ನೂರಕ್ಕೂ ಹೆಚ್ಚು ದೇಶಗಳು ರಾಷ್ಟ್ರೀಯ ಕಾರ್ಯಯೋಜನೆ ಮಾಡಿಕೊಂಡಿವೆ, ಭಾರತ ಮಾಡಿಕೊಂಡಿಲ್ಲ. ಮೈತೇಯಿಗಳ ಇಂಫಾಲ ಮತ್ತು ಕುಕಿ-ಜೋಗಳ ಚುರಾಚಾಂದ್‌ಪುರಗಳ ನಡುವೆ ಇನ್ನು ನಡೆಯುವ ಯಾವ ಮಾತುಕತೆಯಲ್ಲಾದರೂ ಎರಡೂ ಕಡೆಯ ಮಹಿಳೆಯರು ಸಹಿ ಹಾಕುವ ಅಧಿಕಾರದೊಂದಿಗೆ ಕೂರಬೇಕು. ಮನವಿ ಪತ್ರ ಕೊಟ್ಟು ಹೊರಗೆ ಕಾಯುವ ಕೆಲಸವನ್ನು ಅವರು ಸಾಕಷ್ಟು ಮಾಡಿ ಆಗಿದೆ.